ಹಗೇವಿನೊಳಗಿನ ಹಬೆ

"ನಿಮ್ಮ ಮಾವ ಎಲ್ಲಿ ನಿಂತಿದ್ದರು, ತಂಗಿ? ಹೇಳಬ್ಯಾಡ, ತೋರಸು."

ಸಬ್ ಇನ್‌ಸ್ಪೆಕ್ಟರ್ ರಾಜೇಶ್ವರಿ ಹೀಗೆಂದಾಗ ಅನ್ನಪೂರ್ಣಾ ಅಂಗಳದ ನಡುವಿನ ಕಪ್ಪು ತೂತಿನ ಹತ್ತಿರ ಹೋದಳು. ಅದರ ಅಂಚಿನಲ್ಲಿ ಮೊಣಕಾಲೂರಿ, ಒಳಗೆ ಇಣುಕುವವಳ ಹಾಗೆ ತಲೆ ಬಗ್ಗಿಸಿದಳು. ಮರುಕ್ಷಣವೇ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು.

ಹೋದ ಸೋಮವಾರ ಇದೇ ಹಗೇವಿನ ಬಾಯಿಂದ ಬೆಂಕಿ ಎದ್ದು ಅವಳ ಮಾವ ಕಾಡಪ್ಪಜ್ಜ ಸುಟ್ಟು ಸತ್ತಿದ್ದ. ಅಜ್ಜನ ಮಗ, ಅವಳ ಗಂಡ ಸುನೀಲ, ಈಗ ಬೈಲಹೊಂಗಲದ ಠಾಣೆಯಲ್ಲಿದ್ದ.

ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಹೆತ್ತ ತಂದೆಯನ್ನೇ ಕೊಂದವನು ಎಂಬ ಕಾಗದ ಸಿದ್ಧವಾಗುತ್ತಿತ್ತು. ಅದಕ್ಕೆ ಸಹಿ ಹಾಕಬೇಕಾದವಳು ರಾಜೇಶ್ವರಿ. ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಅದಕ್ಕೇ ಮತ್ತೊಮ್ಮೆ ದೊಡವಾಡದ ಪಕ್ಕದ ಈ ಊರಿಗೆ ಬಂದಿದ್ದಳು.

ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಖೋಲಿಯಷ್ಟು. ಜೋಳ ತುಂಬಿ, ಮೇಲೆ ಹೊಟ್ಟು ಹರಡಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳಿಗೆ ಹುಳದ ಕಾಟವಿಲ್ಲ. ಎರೆಭೂಮಿಯ ಊರುಗಳಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಇದ್ದವು. ಈಗ ಎಲ್ಲರೂ ಅವನ್ನು ಮುಚ್ಚಿಸಿ ಮೇಲೆ ಫರಸಿ ಹಾಸಿಕೊಂಡಿದ್ದಾರೆ. ಕಾಡಪ್ಪಜ್ಜ ಮಾತ್ರ ತನ್ನದನ್ನು ಬಿಟ್ಟುಕೊಟ್ಟಿರಲಿಲ್ಲ. ಹೊಸ ಜೋಳ ಬರುವ ಮುಂಚೆ ಖಾಲಿ ಹಗೇವು ತೆಗೆದು, ಒಳಗೆ ಇಳಿದು, ಗೋಡೆ ಸಾರಿಸುವುದು ಅವನ ವರ್ಷದ ನೇಮ.

"ಕಲ್ಲು ಸರಿಸಿದ ಕೂಡ್ಲೆ ಇಳಿಯಂಗಿಲ್ರಿ ಬಾಯಾರ," ಅನ್ನಪೂರ್ಣಾ ಮೆಲ್ಲಗೆ ಹೇಳಿದಳು. "ಮೊದಲ ಕಂದೀಲಕ್ಕ ಹಗ್ಗ ಕಟ್ಟಿ ಬಿಡಬೇಕು. ದೀಪ ಉರದ್ರ ಮನಷಾ ಇಳೀಬಹುದು. ಆರಿದ್ರ ಒಳಗಿನ ಗಾಳಿ ಕೆಟ್ಟೈತಿ ಅಂತ. ಮಾವ ಎಲ್ಲಾರಿಗೂ ಅದನ್ನ ಹೇಳತಿದ್ರು."

ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಮುಚ್ಚಿದ ಹಗೇವಿನಲ್ಲಿ ಗಾಳಿ ಸತ್ತಿರುತ್ತದೆ. ಅವಸರ ಮಾಡಿ ಇಳಿದವನೂ ಅಲ್ಲೇ ಸಾಯುತ್ತಾನೆ. ಆ ಸಾವನ್ನು ತಡೆಯಲೆಂದೇ ಹಿರಿಯರು ದೀಪ ಇಳಿಸುವ ರೂಢಿ ಹಾಕಿದರು. ಎಷ್ಟೋ ತಲೆಮಾರಿನ ಜೀವ ಉಳಿಸಿದ ರೂಢಿ ಅದು. ಸೋಮವಾರ ಅದೇ ರೂಢಿ ಅದನ್ನು ಚಾಚೂ ತಪ್ಪದೆ ನಡೆಸಿದ ಮನುಷ್ಯನನ್ನು ಬಲಿ ತೆಗೆದುಕೊಂಡಿತ್ತು.

"ಡೀಸಲ್ ಕ್ಯಾನ ಇಟ್ಟಿದ್ನಂತ್ರಿ ಸುನೀಲ," ಎಂದ ಹೆಡ್ ಕಾನ್‌ಸ್ಟೆಬಲ್ ಲಗಮಣ್ಣ. "ಟ್ರ್ಯಾಕ್ಟರದ್ದು. ಪಂಚನಾಮೆದಾಗೂ ಹಂಗ ಬರದೈತಿ."

"ಯಾರು ಹೇಳಿದ್ದು?"

"ಊರವರ್ರಿ."

"ಊರವರು ಅಂದ್ರ ಯಾರ, ಲಗಮಣ್ಣಾ? ಊರಿಗೆ ಬಾಯಿ ಇರತೈತಿ, ಹೆಸರ ಇರೂದಿಲ್ಲ."

ಲಗಮಣ್ಣ ನಕ್ಕು ಕಿಸೆಗೆ ಕೈ ಹಾಕಿದ. ಬೀಡಿ ಹೊರಬರುವಷ್ಟರಲ್ಲಿ ರಾಜೇಶ್ವರಿ ಅವನನ್ನೇ ದುರುಗುಟ್ಟಿ ನೋಡಿದಳು. ಬೀಡಿ ತೆಪ್ಪಗೆ ಕಿಸೆಯೊಳಕ್ಕೆ ವಾಪಸಾಯಿತು.

ಅವಳು ಹಗೇವಿನ ಬಾಯಿಯ ಹತ್ತಿರ ಕುಳಿತು ಒಂದೇ ಒಂದು ಸಲ ಉಸಿರೆಳೆದು ಮುಖ ತಿರುಗಿಸಿದಳು. ಡೀಸೆಲ್ಲಿನ ವಾಸನೆಯಲ್ಲಿ ಒಂದು ಜಿಡ್ಡು ಇರುತ್ತದೆ. ಇದರಲ್ಲಿ ಅದಿರಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ನಾತದ ಕೆಳಗೆ ಇನ್ನೂ ಉಳಿದಿದ್ದ ಆ ವಾಸನೆ ಸೀದಾ ನೆತ್ತಿಗೆ ಏರಿತು.

"ಡೀಸಲ್ಲಿಗೆ ಕಂದೀಲ ತೋರಿಸಿದ್ರ ಹಿಂಗ ಭುಗ್ ಅಂತ ಏಳೂದಿಲ್ಲ," ಎಂದಳು. "ಅದು ಹತ್ತಾಕ ಒಂದಿಷ್ಟು ಹೊತ್ತು ಬೇಕು. ಇದು ಪೆಟ್ರೋಲ್. ಪ್ಲಾಸ್ಟಿಕ್ ಕ್ಯಾನಿನಾಗ ತುಂಬಿ ಇಟ್ರ ಕ್ಯಾನ ಉಬ್ಬತೈತಿ, ಮುಚ್ಚಳದ ಸಂದಿಲೆ ಹಬಿ ಹೊರಗ ಬರತೈತಿ. ಆ ಹಬಿ ಕಣ್ಣಿಗೆ ಕಾಣಂಗಿಲ್ಲ. ಗಾಳಿಗಿಂತ ವಜ್ಜಿ ಇರತೈತಿ, ತೆಗ್ಗ ಹುಡಕಿ ಕುಂಡರತೈತಿ. ಹಗೇವಿಗಿಂತ ಚಲೋ ತೆಗ್ಗ ಅದಕ್ಕ ಎಲ್ಲಿ ಸಿಗಬೇಕು?"

"ಹಂಗಾದ್ರ ಸುನೀಲಂದ ಕೆಲಸ ಅಂತ ಪಕ್ಕಾ ಆತಲ್ರಿ ಮೇಡಮ್ಮಾರ," ಎಂದ ಲಗಮಣ್ಣ. "ಬಾಟ್ಲಿ ಪೆಟ್ರೋಲ್ ಮಾರಾಂವ ಅವನ ಅಲ್ರೀ?"

ಅನ್ನಪೂರ್ಣಾ ತಲೆ ತಗ್ಗಿಸಿದಳು. ಲಗಮಣ್ಣನ ಮಾತಿನಲ್ಲಿ ಹುರುಳಿತ್ತು. ಸುನೀಲನದು ಬಸ್ ನಿಲ್ದಾಣದ ಹತ್ತಿರ ಬೈಕ್ ಗ್ಯಾರೇಜು. ನೀರಿನ ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿ ಸಾಲಾಗಿ ನಿಲ್ಲಿಸಿ ಮಾರುತ್ತಿದ್ದ. ದಸರೆಯ ಮುಂದೆ ಪೊಲೀಸರೇ ಅವನ್ನೆಲ್ಲ ಎತ್ತಿಕೊಂಡು ಹೋಗಿದ್ದರು. ಅಂದಿನಿಂದ ಬಿಟ್ಟಿದ್ದೇನೆ ಎಂದು ಅವನು ಹೇಳುತ್ತಿದ್ದ. ಹಗೇವು ಮುಚ್ಚಿಸಿ ಅಲ್ಲಿ ಗಾಡಿ ತೊಳೆಯುವ ಕಟ್ಟೆ ಕಟ್ಟಬೇಕೆಂಬುದು ಮಗನ ಹಟ. ನನ್ನ ಹೆಣದ ಮೇಲೆ ಕಟ್ಟು ಎಂಬುದು ಅಪ್ಪನ ಉತ್ತರ. ಸೋಮವಾರ ಮುಂಜಾನೆ ಆ ಜಗಳ ಓಣಿಗೆಲ್ಲ ಕೇಳಿಸಿತ್ತು. ಇಷ್ಟೇ ಸಾಕಾಯಿತು, ಊರು ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು.

ಆದರೆ ರಾಜೇಶ್ವರಿಗೆ ಒಂದು ವಿಷಯ ಕಾಡುತ್ತಿತ್ತು. ಮುಂಜಾನೆ ಠಾಣೆಯಲ್ಲಿ ಅವಳು ಸುನೀಲನ ಕೈ ನೋಡಿದ್ದಳು. ಗ್ರೀಸು ತೊಳೆಯಲು ಪೆಟ್ರೋಲ್ ಬಳಸಿ ಬಳಸಿ ಚರ್ಮ ಬೆಳ್ಳಗೆ ಒಣಗಿ, ಗೆಣ್ಣುಗಳಲ್ಲಿ ಬಿರುಕು ಬಿಟ್ಟು ರಕ್ತ ಒಸರುತ್ತಿತ್ತು. ಆ ಮನುಷ್ಯನಿಗೆ ಪೆಟ್ರೋಲಿನ ಗುಣ ಗೊತ್ತು, ಭಯವೂ ಗೊತ್ತು. "ಪೈಪ್ ಹಚ್ಚಿ ಪೆಟ್ರೋಲ್ ಬಾಯಿಲೆ ಎಳಿಯೂದ ಬಿಟ್ಟ ಭಾಳ ದಿನ ಆತ್ರಿ, ಪಂಪ್ ತಂದೇನಿ," ಅಂದಿದ್ದ. ಆ ಕೈಪಂಪು ಗ್ಯಾರೇಜಿನ ಮೊಳೆಗೆ ತೂಗುಬಿದ್ದಿದ್ದನ್ನು ಅವಳು ಕಣ್ಣಾರೆ ನೋಡಿ ಬಂದಿದ್ದಳು.

"ಹಿತ್ತಲಾಗ ಒಂದ ಸುತ್ತ ಹಾಕೂಣ ಬರ್ರಿ," ಎಂದಳು.

ಅಂಗಳಕ್ಕೆ ಆಚೀಚೆ ಎರಡು ಮನೆ. ಒಂದು ಕಾಡಪ್ಪಜ್ಜನದು. ಇನ್ನೊಂದು ಅವನ ತಮ್ಮನ ಮಗ ಬಾಳೇಶನದು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಅವನದೇ. ಅಂಗಳ ಒಂದೇ, ಹಿತ್ತಲೂ ಒಂದೇ. ಬಾಳೇಶನ ಕಡೆಯ ಜೋಳದ ಕಣಿಕೆ ಬಣವೆಯ ಹಿಂದೆ ಲಗಮಣ್ಣ ಲಾಠಿಯಿಂದ ಕೆದಕಿದಾಗ ಒಂದು ಪ್ಲಾಸ್ಟಿಕ್ ಪೈಪು ಹೊರಬಿತ್ತು. ಮೂಸಿದರೆ ಅದೇ ವಾಸನೆ.

ರಾಜೇಶ್ವರಿ ಅದನ್ನು ಬಿಸಿಲಿಗೆ ಹಿಡಿದಳು. ಒಂದು ತುದಿಯಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು.

"ಇದು ನಮ್ಮ ಕಡಿ ಎಲ್ಲಾರೂ ಮಾಡೂದ್ರಿ," ಲಗಮಣ್ಣ ಅಂದ. "ಬ್ಯಾರಲ್‌ದಾಗ ಪೈಪ್ ಬಿಡೂದು, ಬಾಯಿಲೆ ಎಳಿಯೂದು, ಬಂದ ಕೂಡ್ಲೆ ಕ್ಯಾನಿಗೆ ಬಿಡೂದು."

"ಒಂದ ಗುಟಕ ಒಳಗ ಹೋದ್ರ?"

"ಉಪ್ಪುನೀರ ಕುಡಿಸಿ ಕಾರಸ್ತಾರ್ರಿ. ಕಾರಿದ್ರ ಮುಗೀತು."

ಅಷ್ಟು ಸರಾಗವಾಗಿ ಹೇಳಿಬಿಟ್ಟ, ಕಷಾಯದ ಮಾತು ಹೇಳುವವರ ಹಾಗೆ. ರಾಜೇಶ್ವರಿ ಅನ್ನಪೂರ್ಣಾಳತ್ತ ತಿರುಗಿದಳು.

"ತಂಗಿ, ಬೆಂಕಿ ಬೀಳೂದಕ್ಕ ಮೊದಲ ನಿಮ್ಮ ಎರಡೂ ಮನ್ಯಾಗ ಯಾರಿಗರ ಆರಾಮ ತಪ್ಪಿತ್ತೇನ?"

"ಬಾಳೇಶ ಭಾವಗ್ರಿ. ಜ್ವರ, ಕೆಮ್ಮು. ಬೈಲಹೊಂಗಲದ ದವಾಖಾನಿಗೆ ಸೇರಿಸ್ಯಾರ. ಕಬ್ಬಿನ ರವದಿ ಸುಟ್ಟ ಹೊಗಿ ಕುಡದು ಹಂಗಾತಂತ." ಇಷ್ಟು ಹೇಳಿ ಅವಳು ಪೈಪಿನತ್ತ ನೋಡಿದಳು. ಮುಖದ ಬಣ್ಣ ಬದಲಾಯಿತು. "ಬಾಯಾರ, ನನ್ನೂ ಕರಕೊಂಡ ಹೋಗ್ರಿ. ಹೆಂಗೂ ಇವರಿಗೆ ರೊಟ್ಟಿ ಒಯ್ಯಬೇಕಿತ್ತು. ಭಾವನ ಬಾಯಿಂದ ಒಂದ ಮಾತ ಖರೇ ಬಂದ್ರ ಇವರು ಉಳೀತಾರ."

"ಖರೇ ಹೊರಗ ಬಂದ್ರ ನಿನ್ನ ಗಂಡಗ ಏನೂ ಆಗೂದಿಲ್ಲ," ಎಂದಳು ರಾಜೇಶ್ವರಿ. ಪೊಲೀಸರು ಹೀಗೆಲ್ಲ ಮಾತು ಕೊಡಬಾರದು. ಆದರೆ ಆ ಹೆಣ್ಣಿನ ಮುಖ ನೋಡಿ ಬಾಯಿ ಜಾರಿತು.

ಜೀಪು ಬೈಲಹೊಂಗಲದ ದಾರಿ ಹಿಡಿಯಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ತೆವಳುತ್ತಿದ್ದವು. ಅನ್ನಪೂರ್ಣಾ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ರಾಜೇಶ್ವರಿ ಯೋಚನೆಗೆ ಬಿದ್ದಳು. ನಮ್ಮ ಜನ ಹಾವಿಗೆ ಹೆದರುತ್ತಾರೆ, ದೆವ್ವಕ್ಕೆ ಹೆದರುತ್ತಾರೆ. ಮನೆಯ ಮೂಲೆಯಲ್ಲಿ ನೀರಿನ ಕ್ಯಾನಿನಲ್ಲಿ ತುಂಬಿಟ್ಟ ಪೆಟ್ರೋಲಿಗೆ ಮಾತ್ರ ಯಾರೂ ಹೆದರುವುದಿಲ್ಲ. ದಿನಾ ಕೈಗೆ ಸಿಗುವ ವಸ್ತುವಿನ ಮೇಲೆ ಭಯ ಹುಟ್ಟುವುದಾದರೂ ಹೇಗೆ? ಹಿರಿಯರಿಗೆ ಹಗೇವಿನ ಗಾಳಿ ಗೊತ್ತಿತ್ತು, ಅದಕ್ಕೊಂದು ಕಟ್ಟಳೆ ಮಾಡಿದರು. ಪೆಟ್ರೋಲು ಬಂದು ಇಷ್ಟು ವರ್ಷವಾದರೂ ನಾವು ಅದಕ್ಕೊಂದು ಕಟ್ಟಳೆ ಕಲಿಯಲಿಲ್ಲ.

ದವಾಖಾನೆಯಲ್ಲಿ ಡಾಕ್ಟರ್ ಮಧು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು.

"ಇಲ್ಲಿ ನೋಡ್ರಿ, ಬಲಗಡೆ ಕೆಳಗ ಬೆಳ್ಳಗ ಕಾಣತದಲ್ಲ, ಶ್ವಾಸಕೋಶಕ್ಕ ಬಾವು ಬಂದದ. ಹೊಗಿ ಕುಡದ್ರ ಹಿಂಗ ಆಗೂದಿಲ್ಲ. ಏನು ನುಂಗಿದಿ ಅಂತ ಕೇಳಿ ಕೇಳಿ ಸಾಕಾತು. ಗಂಡ ಹೆಂಡತಿ ಇಬ್ಬರೂ ಏನೂ ಇಲ್ಲ ಅಂತಾರ."

"ಪೆಟ್ರೋಲ್ ಒಳಗ ಹೋದ್ರ ಹಿಂಗ ಆಗತದೇನ್ರಿ?"

ಡಾಕ್ಟರು ಹಾಳೆ ಕೆಳಗಿಳಿಸಿದರು. "ಹೊಟ್ಟಿಗೆ ಹೋಗಿದ್ದಕ್ಕಿಂತ ಎದಿಗೆ ಹೋಗಿದ್ದ ಹೆಚ್ಚು ಕೆಟ್ಟದ್ದು. ನುಂಗಿದಾಗ ಒಂದ ಸಲ ಹೋಗತದ. ವಾಂತಿ ಮಾಡಿಸಿದ್ರ ಮ್ಯಾಲ ಬರೂವಾಗ ಇನ್ನೊಂದ ಸಲ ಹೋಗತದ. ಅದಕ್ಕ ಪೆಟ್ರೋಲ್ ನುಂಗಿದವರಿಗೆ ವಾಂತಿ ಮಾಡಸಲೇಬಾರದು. ಬಾಯಿ ತೊಳಸಿ, ಸೀದಾ ನಮ್ಮ ಹತ್ರ ಕರಕೊಂಡ ಬರಬೇಕು."

ಲಗಮಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತ.

ಬಾಳೇಶ ದಿಂಬಿಗೆ ಒರಗಿ ಕುಳಿತಿದ್ದ. ದಷ್ಟಪುಷ್ಟ ಆಳು, ಈಗ ಮೂಗಿಗೆ ಆಕ್ಸಿಜನ್ ನಳಿಕೆ. ಹೆಂಡತಿ ಶೀತಲ ಮಗ್ಗುಲಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಪೊಲೀಸರನ್ನು ಕಂಡು ಅವಳ ಕೈ ನಿಂತಿತು. ಅನ್ನಪೂರ್ಣಾ ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಆರಾಮ ಅದೀರೇನ, ಬಾಳೇಶ?"

"ಹೊಗಿ ಭಾಳ ಕುಡದೇನ್ರಿ ಬಾಯಾರ. ನಾ ಯಾವ ಪೆಟ್ರೋಲ್ ಗಿಟ್ರೋಲ್ ಮುಟ್ಟಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನ ಮುಂದೆ ರಾಜೇಶ್ವರಿ ಇನ್ನೂ ಪೆಟ್ರೋಲಿನ ಹೆಸರೇ ಎತ್ತಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕುಳಿತು, ಪೈಪನ್ನು ಹೊದಿಕೆಯ ಮೇಲೆ ಇಟ್ಟಳು.

"ನಿಮ್ಮ ಬಣವಿ ಹಿಂದ ಸಿಕ್ತು. ಹಲ್ಲಿನ ಗುರತ ಯಾರವು ಅಂತ ಹೇಳಾಕ ಲ್ಯಾಬ್ ಐತಿ. ಅದಕ್ಕ ಅವಸರಿಲ್ಲ. ನಿಮ್ಮ ಎದಿಗೆ ಅವಸರ ಐತಿ. ಒಳಗ ಏನ ಹೋಗೇತಿ ಅಂತ ತಿಳೀದ ಡಾಕ್ಟರು ಯಾವುದಕ್ಕ ಅಂತ ಔಷಧ ಕೊಡಬೇಕು?"

"ನಂಗೇನೂ ಗೊತ್ತಿಲ್ರಿ." ಹೇಳಿ ಮುಗಿಯುವ ಮೊದಲೇ ಕೆಮ್ಮು ಬಂತು. ಅದು ಸುಲಭದ ಕೆಮ್ಮಲ್ಲ. ಆಳನ್ನು ಮಡಚಿ ಹಾಕಿತು. ಶೀತಲ ಬೆನ್ನು ನೀವತೊಡಗಿದಳು.

ರಾಜೇಶ್ವರಿ ಅವಳತ್ತ ನೋಡಿದಳು. "ವಾಂತಿ ಯಾರ ಮಾಡಸಿದ್ರು, ತಂಗಿ?"

ಶೀತಲಳ ಮಡಿಲಿನಿಂದ ಕಿತ್ತಳೆ ಜಾರಿ ಬಿತ್ತು. ಅವಳು ಕಿತ್ತಳೆ ತೆಗೆದುಕೊಂಡು ಬರುವಾಗ, ಡಾಕ್ಟರು ಹೊರಗೆ ವಾಂತಿಯ ಬಗ್ಗೆ ಹೇಳುತ್ತಿದ್ದ ಮಾತು ಕಿವಿಗೆ ಬಿದ್ದಿತ್ತು.

"ನಾನ್ರಿ," ಎಂದಳು. "ಉಪ್ಪುನೀರ ಕೊಟ್ಟಾಕಿ ನಾನ. ಅವರು ಬ್ಯಾಡ ಅಂದ್ರೂ ಮೂಗ ಹಿಡದ ಕುಡಿಸಿದೆ. ಎಲ್ಲಾ ಹೊರಗ ಬಂದ್ರ ಆರಾಮ ಆಗತಾರ ಅಂದ್ಕೊಂಡೆ. ನಾನ ಅವರನ್ನ ಈ ಸ್ಥಿತಿಗೆ ತಂದೆ."

ಅವಳು ಬಿಕ್ಕಿಬಿಕ್ಕಿ ಅತ್ತಳು. ಯಾರ ಮೇಲೆ ಸಿಟ್ಟು ಮಾಡಬೇಕು? ಪ್ರೀತಿಯಿಂದಲೇ ವಿಷ ಕುಡಿಸಿದ ಹಾಗಾಗಿತ್ತು. ಬಾಳೇಶ ಹೆಂಡತಿಯ ಅಳು ನೋಡಲಾರದೆ ಕಣ್ಣು ಮುಚ್ಚಿದ. ಆಮೇಲೆ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದ.

"ಅಕೀದೇನೂ ತಪ್ಪಿಲ್ರಿ. ನಾ ಹೇಳ್ತೇನಿ. ಕಾರ್ಖಾನಿ ಮುಂದ ಕಬ್ಬಿನ ಗಾಡಿ ಸಾಲಿನಾಗ ಬೈಕಿನವರು ಪೆಟ್ರೋಲ್ ಕೇಳತಿದ್ರು. ಸುನೀಲ ಬಿಟ್ಟ ಮ್ಯಾಲ ನಾ ಚಾಲೂ ಮಾಡಿದೆ. ಬ್ಯಾರಲ್ ತಂದು ಕ್ಯಾನಿಗೆ ತುಂಬೂವಾಗ ಗುಟಕ ಒಳಗ ಹೋತು. ಮನ್ಯಾಗ ಇಟ್ರ ಪೊಲೀಸರು ಬರತಾರ ಅಂತ ಅಂಜಿಕಿ. ಹಗೇವು ಖಾಲಿ ಇತ್ತು, ಒಳಗ ತಂಪ ಇರತೈತಿ. ಮಂದಿ ಮಲಗಿದ ಮ್ಯಾಲ ಕಲ್ಲು ಸರಿಸಿ ಕ್ಯಾನ ಇಳಿಸಿದೆ."

"ಸುನೀಲಗ ಗೊತ್ತಿತ್ತೇನ?"

"ಇಲ್ರಿ. ಇಟ್ಟಿದ್ದು ನಾ ಒಬ್ಬನ."

ಬಾಗಿಲಲ್ಲಿ ಅನ್ನಪೂರ್ಣಾ ಉಸಿರು ಬಿಟ್ಟದ್ದು ಒಳಗಿನವರಿಗೆಲ್ಲ ಕೇಳಿಸಿತು. ಅವಳು ಓಡಿ ಬಂದು ರಾಜೇಶ್ವರಿಯ ಕಾಲಿಗೆ ಬಗ್ಗಿದಳು. ರಾಜೇಶ್ವರಿ ಅವಳನ್ನು ಹಿಡಿದೆತ್ತಿ, ಠಾಣೆಗೆ ಫೋನ್ ಮಾಡಿದಳು. ಸುನೀಲನನ್ನು ಕೋರ್ಟಿಗೆ ಒಯ್ಯಬೇಡಿ, ನಾನು ಮತ್ತೆ ಹೇಳುವವರೆಗೆ ಕಾಯಿರಿ, ಬಹುಶಃ ಇವತ್ತೇ ಬಿಟ್ಟುಕಳಿಸುತ್ತೇವೆ ಎಂದಳು. ಹಾಗೆನ್ನುವಾಗ ಅವಳಿಗೂ ಎದೆ ಹಗುರಾಯಿತು.

ಲಗಮಣ್ಣ ಸುಮ್ಮನಿರದೆ ಗೊಣಗಿದ. "ಅಲ್ಲೋ ಬಾಳೇಶ, ಮುದುಕ ಅದರಾಗ ದೀಪ ಇಳಸ್ತಾನ ಅಂತ ನಿನಗ ಗೊತ್ತಿರಲಿಲ್ಲೇನೋ? ಒಂದ ಮಾತ ಹೇಳಾಕ ಏನಾಗಿತ್ತು?"

"ಹೇಳೀನಲ್ರಿ ಸಾಹೇಬ್ರ!"

ರಾಜೇಶ್ವರಿ ಸಟ್ಟನೆ ಅವನತ್ತ ತಿರುಗಿದಳು.

"ದೊಡ್ಡಪ್ಪ ಹಗೇವು ತೆಗಿಯೂದು ಯುಗಾದಿ ಹತ್ರ ಬಂದಾಗ. ಅಷ್ಟರಾಗ ಕ್ಯಾನ ತಗದ್ರಾತು ಅಂದ್ಕೊಂಡಿದ್ದೆ," ಬಾಳೇಶ ಏದುಸಿರು ಬಿಡುತ್ತ ಹೇಳಿದ. "ಸೋಮವಾರ ಶೀತಲ ಊಟಾ ತಂದಾಗ, ದೊಡ್ಡಪ್ಪ ಇವತ್ತ ಹಗೇವು ತೆಗ್ಯಾಕ ಹತ್ಯಾನ ಅಂದಳು. ನನ್ನ ಜೀವಾನ ಹಾರಿತು. ಇಲ್ಲೇ, ಈ ಮಂಚದ ಮ್ಯಾಲಿಂದ ಸುನೀಲಗ ಫೋನ್ ಮಾಡಿದೆ. ಒಳಗ ಪೆಟ್ರೋಲ್ ಐತಿ, ದೊಡ್ಡಪ್ಪನ ಕಂದೀಲ ಇಳಸಾಕ ಬಿಡಬ್ಯಾಡ ಅಂತ ಹೇಳಿದೆ."

"ಅವ ಏನಂದ?"

"ಫೋನ್ ಎತ್ತಿದ ಕೂಡ್ಲೆ ನಾನ ಹೇಳಿದ್ನ್ರಿ. ಹೇಳೂದರಾಗ ಕೆಮ್ಮು ಬಂತು, ಮುಂದ ಮಾತಾಡಾಕ ಆಗಲಿಲ್ಲ, ಆ ಕಡಿ ಮಾತ ಕೇಳೂ ಮೊದಲ ಇಟ್ಟೆ. ಅವ ತಡೀತಾನ ಅಂತ ಧೈರ್ಯದಾಗ ಇದ್ದೆ. ತಡೀಲಿಲ್ಲ."

ಶೀತಲ ಹೌದೆಂಬಂತೆ ತಲೆಯಾಡಿಸಿದಳು. ಅವಳ ಎದುರಿಗೇ ಆ ಫೋನ್ ಹೋಗಿತ್ತು.

ರಾಜೇಶ್ವರಿ ನಿಧಾನವಾಗಿ ಎದ್ದು ನಿಂತಳು. ಪೆಟ್ರೋಲ್ ಇಟ್ಟವನು ಬೇರೆ ಎಂದು ತಿಳಿದು ಸುನೀಲ ಪಾರಾದ ಅಂದುಕೊಂಡಿದ್ದಳು. ಈಗ ಲೆಕ್ಕವೇ ತಿರುಗಿಬಿತ್ತು. ಕೊಲ್ಲುವ ಉದ್ದೇಶವಿಲ್ಲದೆ ಇಟ್ಟವನದು ಬೇಜವಾಬ್ದಾರಿ. ಗೊತ್ತಿದ್ದೂ ದೀಪ ಇಳಿಸಲು ಬಿಟ್ಟವನದು ಕೊಲೆ. ಹಗೇವಿನಲ್ಲಿ ಏನಿತ್ತೋ ನನಗೆ ತಿಳಿಯದು ಎಂದು ಸುನೀಲ ಮುಂಜಾನೆ ಅವಳ ಕಣ್ಣಲ್ಲಿ ಕಣ್ಣಿಟ್ಟು ಆಣೆ ಮಾಡಿದ್ದ. ಅಪ್ಪನ ಜೊತೆ ಆ ದಿನವೇ ಜಗಳ ಆಡಿದ್ದ. ನಾನು ನಂಬಿದ್ದು ಎಂಥವನನ್ನು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಮತ್ತೆ ಠಾಣೆಯ ನಂಬರು ಒತ್ತಿದಳು. ಆ ಕಡೆ ಫೋನ್ ಎತ್ತಿದರು.

"ರಾಜೇಶ್ವರಿ ಮಾತಾಡೂದು. ಆ ಸುನೀಲನ್ನ..."

ಅನ್ನಪೂರ್ಣಾ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಇಷ್ಟು ದಿನ ಅತ್ತೂ ಅತ್ತೂ ಬಾತುಕೊಂಡಿದ್ದ ಆ ಕಣ್ಣುಗಳಲ್ಲಿ ಈಗ ಒಂದು ಹನಿಯೂ ಇರಲಿಲ್ಲ.

"ಅವರನ್ನ ಬಿಡ್ರಿ, ಬಾಯಾರ. ಆವತ್ತ ಅವರ ಫೋನ್ ಮನ್ಯಾಗ ಚಾರ್ಜಿಗೆ ಇತ್ತು. ಭಾವ ಹೇಳಿದ್ದನ್ನ ಕೇಳಿದಾಕಿ ನಾನು."

"ಅನ್ನಪೂರ್ಣಾ, ಏನ್ ಹೇಳಾಕ ಹತ್ತಿ, ಗೊತ್ತೈತೇನ?"

"ಗೊತ್ತೈತ್ರಿ. ಪೂರಾ ಕೇಳಿಸಿಕೊಂಡೆ. ಇವರಿಗೆ ಹೇಳಲಿಲ್ಲ. ಅಂಗಳದಾಗ ಮಾವ ಹಗ್ಗ ಬಿಡಾಕ ಹತ್ತಿದ್ರು. ಅವರಿಗೂ ಹೇಳಲಿಲ್ಲ."

ಶೀತಲ ಬಾಯಿಗೆ ಕೈ ಇಟ್ಟುಕೊಂಡಳು. ರಾಜೇಶ್ವರಿ ಆ ಮುಖವನ್ನು ಹತ್ತಿರದಿಂದ ದಿಟ್ಟಿಸಿದಳು. ಗಂಡನನ್ನು ಉಳಿಸಲು ಹೆಂಡತಿ ಈ ಗಳಿಗೆಯಲ್ಲಿ ಹೊಸೆದ ಸುಳ್ಳೋ, ನಾಲ್ಕು ದಿನದಿಂದ ಅವಳನ್ನು ಒಳಗೊಳಗೇ ತಿನ್ನುತ್ತಿದ್ದ ಸತ್ಯವೋ? ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಮುಖ ಓದಿದ್ದ ಅವಳಿಗೆ ಈ ಮುಖದಲ್ಲಿ ಒಂದು ಅಕ್ಷರವೂ ಕಾಣಲಿಲ್ಲ.

"ಯಾಕ?" ಎಂದಳು.

ಅನ್ನಪೂರ್ಣಾ ರೊಟ್ಟಿಯ ಗಂಟನ್ನು ಲಗಮಣ್ಣನ ಕೈಗೆ ಕೊಟ್ಟು, ಎರಡೂ ಕೈಗಳನ್ನು ಜೋಡಿಸಿ, ಬೇಡಿ ಹಾಕಿಸಿಕೊಳ್ಳುವವಳ ಹಾಗೆ, ರಾಜೇಶ್ವರಿಯ ಮುಂದೆ ಚಾಚಿದಳು.

ಫೋನಿನೊಳಗಿಂದ ಠಾಣೆಯ ರೈಟರ್ ಜೋರಾಗಿ ಕೇಳುತ್ತಿದ್ದ: "ಮೇಡಮ್ಮಾರ, ಕೇಳಸಾಕ ಹತ್ತೈತೇನ್ರಿ? ಸುನೀಲನ್ನ ಬಿಡೂದೋ, ಇಟ್ಕೊಳ್ಳೂದೋ?"